ಗಜಕರ್ಣ: ತುರಿಕೆ ನಿಂತರೆ ರೋಗ ಹೋಯಿತೇ?

ಮಳೆಗಾಲ ಬಂತೆಂದರೆ ಹಾಸ್ಟೆಲಿನ ಮಕ್ಕಳಲ್ಲಿ ತೊಡೆಸಂದು, ಸೊಂಟ, ಕಂಕುಳಿನ ತುರಿಕೆ ಸರ್ವೇಸಾಮಾನ್ಯ. ಪೂರ್ತಿ ಒಣಗದ ಒಳ ಉಡುಪು, ಒಬ್ಬರದನ್ನು ಇನ್ನೊಬ್ಬರು ಬಳಸುವ ಟವೆಲು, ಬಿಗಿಯಾದ ಜೀನ್ಸು ಇಷ್ಟಿದ್ದರೆ ಸಾಕು. ಮೊದಲು ಸಣ್ಣದೊಂದು ಕೆಂಪು ಮಚ್ಚೆ. ಬರಬರುತ್ತಾ ಅದು ಉಂಗುರದಂತೆ ಅಗಲವಾಗುತ್ತದೆ. ಅಂಚು ಕೆಂಪಗೆ ಉಬ್ಬಿ, ನಡುಭಾಗ ತಿಳಿಯಾಗಿರುತ್ತದೆ. ಇದೇ ಗಜಕರ್ಣ. ಕೆಲವೆಡೆ ಹುಳುಕಡ್ಡಿ ಎಂದೂ ಕರೆಯುವರು. ಹೆಸರಿನಲ್ಲಿ ಹುಳುವಿದ್ದರೂ ಕಾರಣ ಹುಳುವಲ್ಲ. ಹಳಸಿದ ಬ್ರೆಡ್ಡಿನ ಮೇಲೆ ಬೆಳೆಯುವ ಬೂಷ್ಟಿನಂತೆ ಇದೂ ಒಂದು ಶಿಲೀಂಧ್ರ.

ಚರ್ಮದ ಹೊರಪದರ, ಕೂದಲು ಮತ್ತು ಉಗುರಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಇದರ ಆಹಾರ. ಸಾಮಾನ್ಯವಾಗಿ ಅದು ಮೇಲ್ಪದರದಲ್ಲೇ ಬೀಡುಬಿಡುವುದರಿಂದ ಹೊರಗಿನಿಂದ ಹಚ್ಚುವ ಮುಲಾಮು ಅದನ್ನು ತಲುಪಬಲ್ಲದು.

ಮುಲಾಮು ಶಿಲೀಂಧ್ರವನ್ನು ಹಣಿಯುತ್ತದೆ, ಚರ್ಮಕ್ಕೇಕೆ ಹಾನಿ ಮಾಡುವುದಿಲ್ಲ? ಉತ್ತರ ಜೀವಕೋಶದ ಪೊರೆಯಲ್ಲಿದೆ. ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇದ್ದರೆ, ಶಿಲೀಂಧ್ರದ ಪೊರೆಯಲ್ಲಿ ಅದರ ಬದಲು ಎರ್ಗೋಸ್ಟೆರಾಲ್ ಇರುತ್ತದೆ. ಕ್ಲೋಟ್ರಿಮಜೋಲ್ ಎಂಬ ಔಷಧಿ ಈ ಎರ್ಗೋಸ್ಟೆರಾಲ್ ತಯಾರಾಗುವುದಕ್ಕೇ ಅಡ್ಡಿಪಡಿಸುತ್ತದೆ. ಗಾರೆ ಸಿಗದ ಗೋಡೆಯಂತೆ ಪೊರೆ ಸಡಿಲವಾಗಿ, ಒಳಗಿನ ಸತ್ವ ಸೋರಿ, ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ. ಟರ್ಬಿನಾಫಿನ್ ಕೂಡ ಇದೇ ತಯಾರಿಕೆಯನ್ನು ಇನ್ನೊಂದು ಹಂತದಲ್ಲಿ ತಡೆಯುತ್ತದೆ.

ಗಜಕರ್ಣ, ಕಾಲ್ಬೆರಳ ಸಂದಿನ ಶಿಲೀಂಧ್ರ ಸೋಂಕು, ಬೆನ್ನು-ಎದೆಯ ಮೇಲಿನ ಚಿಬ್ಬು ಇವೆಲ್ಲಕ್ಕೂ ಕ್ಲೋಟ್ರಿಮಜೋಲ್ ಉಪಯುಕ್ತ. ಆದರೆ ಮಕ್ಕಳ ತಲೆಯಲ್ಲಿ ಕೂದಲು ಉದುರಿಸುವ ಗಜಕರ್ಣಕ್ಕೆ ಮುಲಾಮು ಸಾಲದು. ಅಲ್ಲಿ ಶಿಲೀಂಧ್ರ ಕೂದಲಿನ ಬುಡದಲ್ಲಿ ಅಡಗಿರುವುದರಿಂದ ವೈದ್ಯರು ನುಂಗುವ ಔಷಧಿ ಕೊಡಬೇಕಾಗುತ್ತದೆ. ಇಸುಬು, ಕಜ್ಜಿಗಳಿಗೆ ಈ ಮುಲಾಮು ಹಚ್ಚಿ ಪ್ರಯೋಜನವಿಲ್ಲ.

ನಾಲ್ಕೈದು ದಿನದಲ್ಲಿ ತುರಿಕೆ ಕಡಿಮೆಯಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ತುರಿಕೆ ಹೋಯಿತೆಂದು ಟ್ಯೂಬನ್ನು ಮೂಲೆಗೆಸೆಯುತ್ತಾರೆ. ಆದರೆ ಚರ್ಮದ ಹೊರಪದರ ಕಳಚಿ ಹೊಸದಾಗಲು ಸುಮಾರು 4 ವಾರ ಬೇಕು. ಅಲ್ಲಿಯವರೆಗೆ ಅದರಲ್ಲಿ ಶಿಲೀಂಧ್ರ ಉಳಿದಿರಬಹುದು. ಆದ್ದರಿಂದ ಮಚ್ಚೆ ಮಾಯವಾದ ಮೇಲೂ ಒಂದೆರಡು ವಾರ ಮುಲಾಮು ಹಚ್ಚಬೇಕು. ಉಂಗುರದ ಅಂಚಿನಿಂದ 2 ಸೆಂಟಿಮೀಟರಿನಷ್ಟು ಹೊರಗೂ ಸವರಬೇಕು; ಏಕೆಂದರೆ ಶಿಲೀಂಧ್ರ ಹಬ್ಬುವುದು ಹೊರಮುಖವಾಗಿ.

ಇನ್ನೂ ದೊಡ್ಡ ಅಪಾಯ ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳದ್ದು. ಇವನ್ನು ಹಚ್ಚಿದ ಒಂದೆರಡು ದಿನದಲ್ಲೇ ತುರಿಕೆ, ಕೆಂಪು ಎರಡೂ ಮಾಯ! ವಾಸ್ತವವಾಗಿ ನಡೆಯುವುದೇ ಬೇರೆ. ಸ್ಟೀರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ. ಹಚ್ಚುವುದನ್ನು ನಿಲ್ಲಿಸಿದೊಡನೆ ರೋಗ ಮೊದಲಿಗಿಂತ ಜೋರಾಗಿ ಮರಳುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಚರ್ಮ ತೆಳುವಾಗಿ, ತೊಡೆಸಂದಿನಲ್ಲಿ ಎಂದೂ ಪೂರ್ತಿ ಮಾಸದ ಗೆರೆಗಳು ಮೂಡುತ್ತವೆ. ಈ ದುರ್ಬಳಕೆಯನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2018ರಲ್ಲಿ ಅನೇಕ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿಗೊಳಿಸಿತು. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಎಂಬ ಹೆಸರಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆಯೆಂದೇ ಅರ್ಥ.

ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಔಷಧಿಗೆ ಜಗ್ಗದ ಗಜಕರ್ಣ ಹೆಚ್ಚಿದೆ. ಟರ್ಬಿನಾಫಿನ್‌ಗೆ ಬಗ್ಗದ ಇಂಥದೊಂದು ಶಿಲೀಂಧ್ರಕ್ಕೆ 2020ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು ಟ್ರೈಕೋಫೈಟಾನ್ ಇಂಡೋಟಿನಿಯೆ. ಹೆಸರಿನಲ್ಲೇ ಭಾರತವಿದೆ! ಎರಡು ವಾರ ಸರಿಯಾಗಿ ಹಚ್ಚಿಯೂ ಗುಣ ಕಾಣದಿದ್ದರೆ ಟ್ಯೂಬು ಬದಲಿಸುತ್ತಾ ಕೂರದೆ ಚರ್ಮವೈದ್ಯರನ್ನು ಕಾಣಬೇಕು.

ಟವೆಲು, ಒಳ ಉಡುಪುಗಳನ್ನು ಪ್ರತ್ಯೇಕವಾಗಿಟ್ಟು, ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಹಾಕಬೇಕು. ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆಯಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು. ಹದಿಹರೆಯದ ಮಕ್ಕಳು ತೊಡೆಸಂದಿನ ತುರಿಕೆಯನ್ನು ನಾಚಿಕೆಯಿಂದ ಮುಚ್ಚಿಟ್ಟು, ಸ್ನೇಹಿತರು ಹೇಳಿದ ಟ್ಯೂಬನ್ನು ಕೊಂಡು ಹಚ್ಚುವುದುಂಟು. ಇದು ಕೊಳಕುತನದ ಗುರುತಲ್ಲ, ಯಾರಿಗೂ ಬರಬಹುದಾದ ಸೋಂಕು ಎಂದು ತಂದೆತಾಯಿ ಮೊದಲೇ ಹೇಳಿಟ್ಟರೆ ಮಕ್ಕಳು ಬೇಗ ಬಾಯಿಬಿಡುತ್ತಾರೆ, ಬೇಗ ಗುಣವೂ ಆಗುತ್ತಾರೆ.