ಹನ್ನೆರಡರಿಂದ ಎರಡು: ಅಂಗಡಿ ಮುಚ್ಚಿದೆ

ನಮ್ಮವರು ಟ್ರಿಪ್ ಹೋಗೋ ರೀತಿ ನಿಮಗೆ ಗೊತ್ತೇ ಇದೆ. ಬ್ಯಾಗ್ ರೆಡಿ ಆಗೋಕೂ ಮುಂಚೆ ಎಕ್ಸೆಲ್ ಶೀಟ್ ರೆಡಿ ಆಗಿರುತ್ತೆ. ಕಳೆದ ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆ ಅಂತ ಎರಡು ತಿಂಗಳು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಇದ್ದಾಗಲೂ ನಾವು ಬದಲಾಗಿರಲಿಲ್ಲ. ಜೂನ್ ತಿಂಗಳ ಒಂದು ಶನಿವಾರಕ್ಕೆ ನಾನು ಮತ್ತು ನನ್ನ ಹುಬ್ಬಳ್ಳಿ ಗೆಳೆಯ ಹಾಕಿದ ಪ್ಲಾನ್ ಹೀಗಿತ್ತು: ಕೋಲ್ಮಾರ್, ಎಗಿಸೈಮ್, ಕೈಸರ್ಸ್‌ಬರ್ಗ್, ರಿಕ್ವಿರ್, ರಿಬೋವಿಲ್ಲೆ. ಒಂದೇ ದಿನಕ್ಕೆ ಐದು ಊರು. ಊಟದ ಕಾಲಮ್ಮಿನಲ್ಲಿ "ಸ್ಯಾಂಡ್‌ವಿಚ್, ನಡೀತಾ, 15 ನಿಮಿಷ" ಅಂತ ಬರೆದಿದ್ದೆವು. ಕೊನೆಗೆ ನೋಡಿದ್ದು ಎರಡೇ ಊರು. ಅದೇ ಒಳ್ಳೆಯದಾಯಿತು ಅನ್ನೋದು ನನ್ನ ವಾದ. ಆದರೆ ವಾದ ಅಲ್ಲಿಗೇ ಮುಗಿಯಲ್ಲ, ಸ್ವಲ್ಪ ತಾಳ್ಮೆಯಿಂದ ಓದಿ.

ಸ್ಟ್ರಾಸ್‌ಬರ್ಗ್‌ನಿಂದ ದಕ್ಷಿಣಕ್ಕೆ ರೈಲಿನಲ್ಲಿ ಅರ್ಧ ಗಂಟೆ ಹೋದರೆ ಕೋಲ್ಮಾರ್. ಬಲಗಡೆ ಉದ್ದಕ್ಕೂ ವೋಜ್ ಬೆಟ್ಟಗಳು, ಅವುಗಳ ಬುಡದಲ್ಲಿ ದ್ರಾಕ್ಷಿ ತೋಟ. ನಾವು ಮೊದಲು ಹೋಗಿದ್ದು ಲೌಖ್ ಅನ್ನೋ ಸಣ್ಣ ನದಿಯ ದಂಡೆಯಲ್ಲಿರುವ ಮಾರುಕಟ್ಟೆಗೆ. 1865ರಲ್ಲಿ ಕಟ್ಟಿದ್ದು. ಆ ಕಾಲದಲ್ಲಿ ರೈತರು ತರಕಾರಿಯನ್ನ ದೋಣಿಯಲ್ಲಿ ತಂದು ಮಾರುಕಟ್ಟೆಯ ಗೋಡೆ ಪಕ್ಕದಲ್ಲೇ ಇಳಿಸುತ್ತಿದ್ದರಂತೆ. ನಾನು ಚೆರ್ರಿ ಹಣ್ಣಿನ ಬುಟ್ಟಿ ತೋರಿಸಿ "ಎಷ್ಟು?" ಅಂತ ಕೇಳಿದೆ. ಅಂಗಡಿಯಾಕೆ ನನ್ನ ಮುಖ ನೋಡಿ, ಉತ್ತರ ಕೊಡದೆ, ನಿಧಾನವಾಗಿ "ಬೋಂಜೂರ್" ಅಂದರು. ನಾನೂ ಬೋಂಜೂರ್ ಅಂದ ಮೇಲೇ ರೇಟು ಹೇಳಿದ್ದು. ಅಲ್ಲಿ ಅಂಗಡಿಗೆ ಹೋಗೋದು ಅಂದ್ರೆ ಇನ್ನೊಬ್ಬರ ಮನೆ ಹೊಸಿಲು ದಾಟಿದ ಹಾಗೆ, ಮೊದಲು ಮಾತಾಡಿಸಬೇಕು.

ಚೆರ್ರಿ ಜೊತೆ ಒಂದು ಬಗೆತ್ ತಗೊಂಡೆವು, ಅದೇ ಉದ್ದದ ಬ್ರೆಡ್. "ಟ್ರಾಡಿಸಿಯೋನ್" ಅಂತ ಹೆಸರಿಟ್ಟು ಮಾರಬೇಕಾದರೆ ಹಿಟ್ಟನ್ನ ಫ್ರೀಜ್ ಮಾಡಿರಬಾರದು, ಅಡಿಟಿವ್ ಹಾಕಿರಬಾರದು ಅಂತ ಆ ದೇಶದಲ್ಲಿ 1993ರಿಂದ ಸರ್ಕಾರಿ ಆದೇಶವೇ ಇದೆ. 2022ರಲ್ಲಿ ಬಗೆತ್ ಮಾಡುವ ಕಸುಬನ್ನ ಯುನೆಸ್ಕೋ ತನ್ನ ಪರಂಪರೆ ಪಟ್ಟಿಗೂ ಸೇರಿಸಿತು. ಒಂದು ಬ್ರೆಡ್ಡಿಗೆ ಇಷ್ಟೆಲ್ಲಾನಾ ಅಂತ ನಕ್ಕಿದ್ದೆವು. ತಿಂದ ಮೇಲೆ ನಗು ನಿಂತಿತು.

ಊರೊಳಗೆ ನಡೆದರೆ ಪ್ರತಿ ತಿರುವಿನಲ್ಲೂ ನಿಲ್ಲಬೇಕು ಅನ್ನಿಸುತ್ತೆ. 1537ರಲ್ಲಿ ಟೋಪಿ ವ್ಯಾಪಾರಿಯೊಬ್ಬ ಕಟ್ಟಿಸಿದ ಫಿಸ್ಟರ್ ಮನೆ ಇವತ್ತಿಗೂ ಮರದ ಗ್ಯಾಲರಿ ಸಮೇತ ನಿಂತಿದೆ. ಅದೇ ಬೀದಿಯಲ್ಲಿ ಬಾರ್ತೋಲ್ದಿ ಹುಟ್ಟಿದ ಮನೆ, 1834ರಲ್ಲಿ. ಅಮೆರಿಕದ ಲಿಬರ್ಟಿ ಪ್ರತಿಮೆಯ ಶಿಲ್ಪಿ ಈತನೇ. ಮೆಕ್ಯಾನಿಕಲ್‌ನವರಿಗೆ ಒಂದು ಮಾತು: ಪ್ರತಿಮೆಯ ತಾಮ್ರದ ಹೊದಿಕೆ ಎರಡೂವರೆ ಮಿಲಿಮೀಟರ್‌ಗಿಂತ ತೆಳು. ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ ಅದು ಹರಿದುಹೋಗದ ಹಾಗೆ ಒಳಗಿನ ಕಬ್ಬಿಣದ ಚೌಕಟ್ಟನ್ನು ರೂಪಿಸಿದ್ದು ಐಫೆಲ್. ಅಂದ್ರೆ ಆ ಹೊದಿಕೆಗೆ ಅಲುಗಾಡಲು ಸ್ವಲ್ಪ ಜಾಗ ಬಿಟ್ಟಿದ್ದಾರೆ. ಬಿಗಿಯಾಗಿ ಕಟ್ಟಿದ್ದರೆ ಉಳಿಯುತ್ತಿರಲಿಲ್ಲ.

ನಮ್ಮ ಎಕ್ಸೆಲ್ ಶೀಟಿನಲ್ಲಿ ಅಂಥ ಜಾಗವೇ ಇರಲಿಲ್ಲ. ಅದು ಹರಿದಿದ್ದು ಹನ್ನೆರಡಕ್ಕೆ ಐದು ನಿಮಿಷ ಇರುವಾಗ, ಒಂದು ಮಣ್ಣಿನ ಪಾತ್ರೆ ಅಂಗಡಿಯ ಮುಂದೆ. ಅಲ್ಸಾಸ್ ಪ್ರಾಂತ್ಯದ ಸೂಫ್ಲೆನೈಮ್ ಊರಿನ ಕುಂಬಾರಿಕೆ ಹೆಸರುವಾಸಿ. ಕುಗೆಲ್‌ಹೋಫ್ ಅನ್ನೋ ದ್ರಾಕ್ಷಿ-ಬಾದಾಮಿ ಕೇಕ್ ಬೇಯಿಸುವ, ನಡುವೆ ತೂತಿರುವ ಅಚ್ಚು ಅವರ ವಿಶೇಷ. ಅಮ್ಮನಿಗೆ ಒಂದು ತಗೊಳ್ಳೋಣ ಅಂತ ಕೈಯಲ್ಲಿ ಹಿಡಿದಿದ್ದೆ. ಅಂಗಡಿಯ ಅಜ್ಜಿ ಬೀಗದ ಕೈ ಹಿಡಿದು ಬಂದು, ನಗುನಗುತ್ತಲೇ ಅಚ್ಚನ್ನ ವಾಪಸ್ ಇಡಿಸಿದರು. ಹನ್ನೆರಡರಿಂದ ಎರಡು ಮುಚ್ಚಿರುತ್ತೆ, ಆಮೇಲೆ ಬನ್ನಿ. ದುಡ್ಡು ಕೈಯಲ್ಲೇ ಇತ್ತು, ಎರಡು ನಿಮಿಷದ ಕೆಲಸ. ಊಹೂಂ.

"ನಡೀಲೇ, ಇನ್ನೂ ನಾಕ್ ಊರು ಬಾಕಿ ಅದಾವ. ಗಿರಾಕಿ ಮುಂದ ನಿಂತಾಗ ಯಾರರ ಬಾಗಿಲಾ ಹಾಕ್ತಾರೇನು?" ಅಂದ ಗೆಳೆಯ.

ಆ ಮಾತು ಕೇಳಿ ನನಗೆ ಮುಜುಗರ ಆಯಿತು. ಯಾಕಂದ್ರೆ ಅಕ್ಷರಶಃ ಅದೇ ಮಾತನ್ನ ನಾನು ಅಪ್ಪನಿಗೆ ಹೇಳಿದ್ದೆ.

ಅಪ್ಪನದು ಸಾಗರದಲ್ಲಿ ಒಂದು ಸಣ್ಣ ಪಾತ್ರೆ ಅಂಗಡಿ. ನಾನು ಚಿಕ್ಕವನಿದ್ದಾಗಿಂದ ಮಧ್ಯಾಹ್ನ ಒಂದೂವರೆಗೆ ಶಟರ್ ಎಳೆದು, ಮನೆಗೆ ಬಂದು ಉಂಡು, ಚಾಪೆ ಮೇಲೆ ಅರ್ಧ ಗಂಟೆ ಅಡ್ಡಾಗಿ, ಮೂರೂವರೆಗೆ ಮತ್ತೆ ತೆಗೆಯೋರು. ಥರ್ಡ್ ಸೆಮ್‌ನಲ್ಲಿ ಒಂದೆರಡು ಮ್ಯಾನೇಜ್‌ಮೆಂಟ್ ಪಾಠ ಕೇಳಿದ್ದೇ ತಡ, ರಜೆಗೆ ಹೋಗಿ ಅಪ್ಪನಿಗೆ ಲೆಕ್ಕ ಹಾಕಿ ತೋರಿಸಿದೆ: ದಿನಕ್ಕೆ ಎರಡು ಗಂಟೆ, ವರ್ಷಕ್ಕೆ ಆರುನೂರು ಗಂಟೆ ದಂಡ. "ಉಣ್ಣಕ್ಕೇ ಅಲ್ಲವಾ ಮಾರಾಯ ದುಡಿಯೋದು" ಅಂತ ಅಪ್ಪ ಗೊಣಗಿದರು, ಆದರೆ ಓದಿದ ಮಗ ಹೇಳಿದ್ದಾನೆ ಅಂತ ಒಪ್ಪಿಕೊಂಡರು. ಈಗ ಅಪ್ಪ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಡಬ್ಬಿ ಬಿಚ್ಚಿ, ಗಿರಾಕಿ ಬಂದರೆ ಎಡಗೈಯಲ್ಲಿ ಪಾತ್ರೆ ತೋರಿಸುತ್ತಾ ಉಣ್ಣುತ್ತಾರೆ.

ಇದೇ ನಾನು ಕೋಲ್ಮಾರ್‌ನಲ್ಲಿ ನಿಂತು "ವಾವ್, ಎಂಥ ಕಲ್ಚರ್" ಅನ್ನೋಕೆ ಹೊರಟಿದ್ದೆ. ಸಾಗರದಲ್ಲಿ ಮುಚ್ಚಿದ್ರೆ ಸೋಮಾರಿತನ, ಫ್ರಾನ್ಸಿನಲ್ಲಿ ಮುಚ್ಚಿದ್ರೆ ಸಂಸ್ಕೃತಿ!

ಅಂಗಡಿ ಮುಚ್ಚಿತ್ತಲ್ಲ, ಬೇರೆ ದಾರಿ ಇಲ್ಲದೆ ಊಟಕ್ಕೆ ಕೂತೆವು. ತಾರ್ತ್ ಫ್ಲಾಂಬೆ: ರೊಟ್ಟಿಯಷ್ಟು ತೆಳ್ಳಗೆ ಲಟ್ಟಿಸಿದ ಹಿಟ್ಟು, ಮೇಲೆ ಹುಳಿ ಕೆನೆ, ಈರುಳ್ಳಿ. ಮಾಮೂಲಿಯಾಗಿ ಹಂದಿಮಾಂಸದ ಚೂರು ಹಾಕುತ್ತಾರೆ, ಅದು ಬೇಡ ಅಂತ ಹೇಳಿ ಮಾಡಿಸಿಕೊಂಡೆವು. ಕುಡಿಯೋಕೆ "ಕರಾಫ್ ದೋ" ಕೇಳಿದರೆ ನಲ್ಲಿ ನೀರು ಪುಕ್ಕಟೆ ಕೊಡುತ್ತಾರೆ, ಸ್ಟೈಪೆಂಡಿನಲ್ಲಿ ಬದುಕುವವರಿಗೆ ಇದು ಮುಖ್ಯ ಮಾಹಿತಿ. ತಿಂದು ಮುಗಿಸಿ ಬಿಲ್ಲಿಗೆ ಕಾದೆವು. ಅರ್ಧ ಗಂಟೆ ಆದರೂ ವೇಟರ್ ಈ ಕಡೆ ತಲೆ ಹಾಕಲಿಲ್ಲ. ನಮ್ಮನ್ನ ಕಡೆಗಣಿಸ್ತಿದ್ದಾನೆ ಅಂತ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ಕೇಳದೆ ಬಿಲ್ ತಂದಿಟ್ಟರೆ "ಎದ್ದು ಹೋಗಿ" ಅಂದ ಹಾಗಂತೆ. ಆ ಅರ್ಧ ಗಂಟೆಯಲ್ಲಿ ನಾವಿಬ್ಬರೂ ಫೋನ್ ಕೆಳಗಿಟ್ಟು ಮಾತಾಡಿದ್ದೆವು. ಎರಡು ವರ್ಷದ ಗೆಳೆಯ, ಅವನ ಅಕ್ಕನ ಕಾಯಿಲೆ ವಿಷಯ ನನಗೆ ಮೊದಲ ಸಲ ತಿಳಿದಿದ್ದು ಅವತ್ತು.

ಎರಡು ಗಂಟೆಗೆ ಅಜ್ಜಿ ಬಾಗಿಲು ತೆಗೆದರು, ಅಚ್ಚು ಕೊಂಡೆ. ಅವರಿಗೇನೂ ನಷ್ಟ ಆಗಲಿಲ್ಲ. ಆಮೇಲೆ ಉಂಟರ್‌ಲಿಂಡನ್ ಮ್ಯೂಸಿಯಮ್ಮಿನಲ್ಲಿ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬರೆದ ಈಸೆನ್‌ಹೈಮ್ ವೇದಿಕೆಯ ಚಿತ್ರಗಳು. ಬೂಷ್ಟು ಹಿಡಿದ ರೈ ಧಾನ್ಯ ತಿಂದು ಕೈಕಾಲು ಸುಟ್ಟಂತಾಗುವ ರೋಗ ಬಂದವರನ್ನು ಆರೈಕೆ ಮಾಡುತ್ತಿದ್ದ ಮಠಕ್ಕಾಗಿ ಬರೆದದ್ದು. ಅದಕ್ಕೇ ಶಿಲುಬೆ ಮೇಲಿನ ಯೇಸುವಿನ ಮೈತುಂಬಾ ಗಾಯ. ಐದು ಊರಿನ ಪ್ಲಾನಿನಲ್ಲಿ ಇದಕ್ಕೆ ಹತ್ತು ನಿಮಿಷ ಇತ್ತು, ನಾವು ನಿಂತದ್ದು ಒಂದು ಗಂಟೆ.

ಸಂಜೆ ಬಾಡಿಗೆ ಸೈಕಲ್ ಹಿಡಿದು ದ್ರಾಕ್ಷಿ ತೋಟದ ನಡುವೆ ಎಗಿಸೈಮ್‌ಗೆ ಹೋದೆವು. ಬೀದಿಗಳು ಒಂದರ ಸುತ್ತ ಒಂದು ವೃತ್ತ, ಎಲ್ಲಿಂದ ಹೊರಟರೂ ಹೊರಟಲ್ಲಿಗೇ ಬರುತ್ತೀರಿ. ಚಾವಣಿ ಮೇಲೆ ಕೊಕ್ಕರೆ ಗೂಡು. ಅಲ್ಲೇ ಬೆಂಚಿನ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪಾ, ಮಧ್ಯಾಹ್ನ ಮತ್ತೆ ಮುಚ್ಚೋಕೆ ಶುರು ಮಾಡು" ಅಂದೆ. ಅಪ್ಪ ನಕ್ಕರು. "ಈಗ ಆಗಲ್ಲ ಕಣೋ. ನಾನು ತೆಗೆದಿಟ್ಟೆ ಅಂತ ಎದುರಿನವನೂ ತೆಗೆದಿಟ್ಟ. ಈಗ ನಾನೊಬ್ಬನೇ ಮುಚ್ಚಿದ್ರೆ ಗಿರಾಕಿ ಅಲ್ಲಿಗೆ ಹೋಗ್ತಾರೆ."

ನನ್ನ ಆರುನೂರು ಗಂಟೆ ಲೆಕ್ಕದಲ್ಲಿ ಎದುರಿನ ಅಂಗಡಿ ಇರಲೇ ಇಲ್ಲ. ಇಬ್ಬರೂ ತೆಗೆದರು, ಗಿರಾಕಿ ಹೆಚ್ಚಾಗಲಿಲ್ಲ, ಇಬ್ಬರ ಊಟವೂ ಹೋಯಿತು.

ಬಿಡುವು ಒಬ್ಬನ ಕೈಯಲ್ಲಿ ಇರಲ್ಲ, ಎಲ್ಲರೂ ಒಟ್ಟಿಗೆ ಒಪ್ಪಬೇಕು. ಫ್ರೆಂಚರಿಗೂ ಅದು ಹುಟ್ಟಿನಿಂದ ಬಂದದ್ದಲ್ಲ. 1906ರ ಮಾರ್ಚ್‌ನಲ್ಲಿ ಕೂರಿಯೇರ್ ಗಣಿ ದುರಂತದಲ್ಲಿ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಸತ್ತರು, ಅದೇ ಜುಲೈನಲ್ಲಿ ವಾರಕ್ಕೊಂದು ರಜೆಯ ಕಾನೂನು ಬಂತು. 1936ರಲ್ಲಿ ದೊಡ್ಡ ಮುಷ್ಕರಗಳಾದ ಮೇಲೆ ಎರಡು ವಾರ ಸಂಬಳ ಸಹಿತ ರಜೆ ಸಿಕ್ಕಿತು, ಈಗ ಅದು ಐದು ವಾರ. ಅಲ್ಸಾಸ್ 1906ರಲ್ಲಿ ಜರ್ಮನಿಯ ಕೈಯಲ್ಲಿತ್ತು. ಆ ಕಾಲದ ಭಾನುವಾರದ ರಜೆ ನಿಯಮಗಳನ್ನ ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ಕೆಲಸ ಮಾಡುವ ಜಾಗದಲ್ಲೇ ನೌಕರರಿಗೆ ಊಟ ಮಾಡಲು ಬಿಡಬಾರದು ಅಂತಲೂ ಫ್ರಾನ್ಸಿನ ಕಾರ್ಮಿಕ ಕಾನೂನಿನಲ್ಲಿದೆ, 2021ರಲ್ಲಿ ಕೋವಿಡ್‌ಗಾಗಿ ತಾತ್ಕಾಲಿಕವಾಗಿ ಸಡಿಲಿಸಿದ್ದರು ಅಷ್ಟೆ.

ಅಲ್ಲಿ ಎಲ್ಲಾ ಚೆಂದ ಅಂತ ನಾನು ಹೇಳ್ತಿಲ್ಲ. ಭಾನುವಾರ ಹಾಲು ಸಿಗದೆ ಒದ್ದಾಡಿದ್ದೇನೆ. ನಾವು ಬೆಳಿಗ್ಗೆ ಆರಾಮಾಗಿ ತಿಂದ ಬ್ರೆಡ್ಡಿಗೆ ಯಾರೋ ನಡುರಾತ್ರಿ ಎದ್ದಿದ್ದಾರೆ. ನಮಗೆ ಬಡಿಸಿದವನು ತಾನು ಉಂಡಿದ್ದು ಎರಡು ಗಂಟೆ ಮೇಲೆಯೇ ಇರಬೇಕು. ಆದರೂ ನನ್ನ ಮಾತು ಬದಲಾಗಲ್ಲ.

ಸಾಗರದ ಪಾತ್ರೆ ಬೀದಿಯನ್ನ ನಾನೊಬ್ಬ ಸರಿ ಮಾಡೋಕಾಗಲ್ಲ. ಈ ಸಲ ಊರಿಗೆ ಹೋದಾಗ ಎದುರಿನ ಅಂಗಡಿ ಮಾವನ ಹತ್ತಿರ ಮಾತಾಡ್ತೀನಿ, ಕೆಡಿಸಿದವನು ನಾನೇ ತಾನೆ. ಇಲ್ಲಿ ಕ್ಯಾಂಪಸ್ಸಿನಲ್ಲಿ ಮಾತ್ರ ಒಂದು ಕೆಲಸ ನಮ್ಮ ಕೈಯಲ್ಲಿದೆ. ಫೆಸ್ಟ್ ಮೀಟಿಂಗು, ಪ್ರಾಜೆಕ್ಟ್ ರಿವ್ಯೂ, ನಾಟಕದ ರಿಹರ್ಸಲ್, ಎಲ್ಲವನ್ನೂ ನಾವು ಇಡೋದು ಲಂಚ್ ಬ್ರೇಕಿನಲ್ಲಿ, "ಹೇಗೂ ಎಲ್ಲರೂ ಫ್ರೀ ಇರ್ತಾರೆ" ಅಂತ. ಫ್ರೀ ಇರಲ್ಲ ಕಣ್ರೀ, ಊಟ ಮಾಡ್ತಿರ್ತಾರೆ. ನಮ್ಮ ಕನ್ನಡ ಸಂಘದ ಮೀಟಿಂಗ್ ಕೂಡ ಒಂದೂ ಕಾಲಿಗೇ. ಅದನ್ನ ಸಂಜೆಗೆ ಹಾಕಿ ಅಂತ ಇವತ್ತೇ ಕೇಳ್ತಿದ್ದೀನಿ. ಮೊದಲು ನಾವು ಮುಚ್ಚೋಣ, ಎದುರಿನವರೂ ಮುಚ್ಚಬಹುದು.