ವೈರಸ್ ನಿಧಾನಕ್ಕೆ ಹೋದರೂ ಮದ್ದು ಬಿಡಬೇಡಿ

‘ಒಂದು ತಿಂಗಳು ಮದ್ದು ತಿಂದರೂ ವೈರಸ್ ಪೂರ್ತಿ ಹೋಗಿಲ್ಲ, ಇನ್ನು ತಿಂದು ಏನು ಪ್ರಯೋಜನ?’ ಹೆಪಟೈಟಿಸ್ ಸಿ ಇರುವವರ ಮನೆಯಲ್ಲಿ ಇಂಥ ಮಾತು ಬಂದರೆ ಅಲ್ಲೇ ತಡೆಯಬೇಕು.

ಇಂಟರ್‌ಫೆರಾನ್ ಚುಚ್ಚುಮದ್ದಿನ ಕಾಲದಲ್ಲಿ ಈ ವೈರಸ್‌ನ ಒಂದನೇ ಬಗೆಗೆ 48 ವಾರಗಳ ಚಿಕಿತ್ಸೆಯಿತ್ತು. 12ನೇ ವಾರದಲ್ಲೂ ಉಳಿದ ವೈರಸ್ 24ನೇ ವಾರಕ್ಕೆ ಮರೆಯಾದರೆ, ಚಿಕಿತ್ಸೆಯನ್ನು 72 ವಾರಕ್ಕೆ ವಿಸ್ತರಿಸುತ್ತಿದ್ದರು. ಜ್ವರ, ಸುಸ್ತು, ಖಿನ್ನತೆ ಸಹಿಸಿ ಅದನ್ನು ಮುಗಿಸಿದವರಲ್ಲಿ ರೋಗ ಮರುಕಳಿಸುವುದು ಕಡಿಮೆಯಾಯಿತು.

ಈಗ ಬರೀ ಮಾತ್ರೆ. ಹೆಚ್ಚಿನವರಿಗೆ 12 ವಾರ ಸಾಕು. ನಡುವೆ ವೈರಸ್ ನಿಧಾನಕ್ಕೆ ಇಳಿದರೆ ಮದ್ದು ಸೋತಿತು ಅಂತಲ್ಲ. ಲಿವರ್ ತೀರಾ ಹಾಳಾಗಿ, ರೈಬಾವಿರಿನ್ ಮಾತ್ರೆಯೂ ಒಗ್ಗದವರಿಗೆ 24 ವಾರ ಬೇಕಾಗುತ್ತದೆ. ಡಾಕ್ಟರು ಹಾಗೆಂದರೆ ‘ದುಡ್ಡು ಮಾಡಲಿಕ್ಕೆ’ ಅನ್ನಬೇಡಿ. ನಾವಾಗಿಯೇ ಮದ್ದು ನಿಲ್ಲಿಸುವುದೂ ಬೇಡ, ಎಳೆಯುವುದೂ ಬೇಡ. ಖರ್ಚಿನ ನೆಪವೂ ಬೇಡ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಮದ್ದು ಉಚಿತ.

ಮದ್ದು ಮುಗಿದು 12 ವಾರವಾದ ಮೇಲೆ ವೈರಸ್ ಪರೀಕ್ಷೆ ಮಾಡಿಸಲೇಬೇಕು. ಆಗ ವೈರಸ್ ಕಾಣದಿದ್ದರೆ ಗುಣವಾಯಿತು ಅಂತ ಲೆಕ್ಕ. ಆಮೇಲೂ ಆಂಟಿಬಾಡಿ ಪರೀಕ್ಷೆ ಪಾಸಿಟಿವ್ ಬರಬಹುದು. ಗಲ್ಫ್‌ಗೆ ಹೊರಟವರು ವೈರಸ್ ಪರೀಕ್ಷೆಯ ವರದಿಯನ್ನು ಜೋಪಾನವಾಗಿಡಿ.

ಬಟ್ಟಲು, ಲೋಟ ಬೇರೆ ಮಾಡಬೇಡಿ. ಇದು ರಕ್ತದಿಂದ ಹರಡುವ ರೋಗ, ಊಟದಿಂದ ಅಲ್ಲ. ಶೇವಿಂಗ್ ಬ್ಲೇಡ್ ಬೇರೆ ಇಡಿ. ‘ಇವತ್ತಿನ ಮಾತ್ರೆ ತಿಂದಿರಾ?’ ಅಂತ ದಿನಾ ಕೇಳಿ. ಮನೆಯವರು ಮಾಡಬೇಕಾದ್ದು ಅಷ್ಟೇ.