‘90 ಹಾಕ್ಬಿಡಿ ಸಾರ್’ ಅನ್ನೋ ಮಹಾಮಂತ್ರ

ಬಹಳ ದಿನಗಳಿಂದ ತಲೆಯಲ್ಲಿ ಕೊರೀತಾ ಇದ್ದ ವಿಷಯ, ಇವತ್ತು ಬರೆದೇಬಿಡ್ತೀನಿ. ಕವಿತೆ, ಪ್ರವಾಸ, ಸಿನಿಮಾ ಅಂತ ಓದೋಕೆ ಬಂದವರು ಕ್ಷಮಿಸಿ, ಇವತ್ತಿನ ವಿಷಯ ಗೇರ್ ಆಯಿಲ್ :-)

ಹದಿನೈದು-ಇಪ್ಪತ್ತು ವರ್ಷ ದಾಟಿದ ಗಾಡಿ ತಗೊಂಡು ಗ್ಯಾರೇಜಿಗೆ ಹೋಗಿ, "ಗೇರ್ ಆಯಿಲ್ ಯಾವುದು ಹಾಕ್ಬೇಕು?" ಅಂತ ಕೇಳಿ ನೋಡಿ. ಉತ್ತರ ರೆಡಿ ಇರತ್ತೆ: "ಹಳೇ ಗಾಡಿ ಅಲ್ವಾ, 90 ಹಾಕ್ಬಿಡಿ ಸಾರ್." ಮಾರುತಿ 800ಕ್ಕೂ ಅದೇ, ಯೆಜ್ದಿಗೂ ಅದೇ, ಜೀಪಿಗೂ ಅದೇ. ನಮ್ಮ ಸಾಫ್ಟ್‌ವೇರ್ ಗೆಳೆಯರನ್ನ ಕೇಳಿದ್ರೆ ಇನ್ನೊಂದು ಮಂತ್ರ: "ಫುಲ್ಲಿ ಸಿಂಥೆಟಿಕ್ ಹಾಕು ಮಗಾ, ಲೇಟೆಸ್ಟ್ ಗ್ರೇಡ್ ನೋಡಿ ತಗೋ." ಒಬ್ಬರಿಗೆ ದಪ್ಪ ಇದ್ರೆ ಒಳ್ಳೇದು, ಇನ್ನೊಬ್ಬರಿಗೆ ದುಬಾರಿ ಇದ್ರೆ ಒಳ್ಳೇದು. ನನ್ನ ತಕರಾರು ಇಬ್ಬರ ಮೇಲೂ ಇದೆ. ಗೇರ್‌ಬಾಕ್ಸ್ ಒಳಗೆ ಏನಿದೆ ಅಂತ ಇಬ್ಬರೂ ಕೇಳೋದೇ ಇಲ್ಲ!

ಮೊದಲು ಈ 90ರ ಕಥೆ. ಇಂಜಿನ್ ಆಯಿಲ್ 40, ಗೇರ್ ಆಯಿಲ್ 90, ಹಾಗಾಗಿ ಗೇರ್ ಆಯಿಲ್ ಎರಡು ಪಟ್ಟು ದಪ್ಪ ಅಂತ ಬಹಳ ಜನ ನಂಬಿದ್ದಾರೆ. ಇವೆರಡೂ ಬೇರೆ ಬೇರೆ ಅಳತೆಗೋಲು ಸ್ವಾಮೀ. ಇಂಜಿನ್ ಆಯಿಲ್ಲಿಗೆ ಎಸ್‌ಎಇ ಜೆ300 ಅನ್ನೋ ಪಟ್ಟಿ, ಗೇರ್ ಆಯಿಲ್ಲಿಗೆ ಎಸ್‌ಎಇ ಜೆ306 ಅನ್ನೋ ಪಟ್ಟಿ. 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅಳೆದ್ರೆ ಗೇರ್ ಆಯಿಲ್ 90ರ ಸ್ನಿಗ್ಧತೆ 13.5ರಿಂದ 18.5 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು. ಇಂಜಿನ್ ಆಯಿಲ್ 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9. ಅಂದ್ರೆ ಗೇರ್ ಆಯಿಲ್ 90 ಅನ್ನೋದು ಹೆಚ್ಚುಕಡಿಮೆ ಇಂಜಿನ್ ಆಯಿಲ್ 40-50ರಷ್ಟೇ ದಪ್ಪ. ಒಂದು ಅಂಗಡಿಯಲ್ಲಿ ಸೇರಿನ ಲೆಕ್ಕ, ಇನ್ನೊಂದರಲ್ಲಿ ಕೇಜಿ ಲೆಕ್ಕ ಇದ್ದ ಹಾಗೆ. ಬರೀ ಅಂಕಿ ನೋಡಿ ಇದು ಜಾಸ್ತಿ, ಅದು ಕಮ್ಮಿ ಅನ್ನೋಕಾಗಲ್ಲ.

ಆದ್ರೆ ಎಣ್ಣೆಯ ಗುಣ ಬರೀ ದಪ್ಪದಲ್ಲಿಲ್ಲ, ಅದರಲ್ಲಿ ಬೆರೆಸಿದ ರಾಸಾಯನಿಕದಲ್ಲಿದೆ. ಡಬ್ಬದ ಮೇಲೆ ಚಿಕ್ಕ ಅಕ್ಷರದಲ್ಲಿ ಜಿಎಲ್-4 ಅಥವಾ ಜಿಎಲ್-5 ಅಂತ ಬರೆದಿರತ್ತೆ. ಇದು ಅಮೆರಿಕನ್ ಪೆಟ್ರೋಲಿಯಂ ಇನ್ಸ್‌ಟಿಟ್ಯೂಟ್‌ನ ವರ್ಗೀಕರಣ. ನಮ್ಮ ಜನ ಇದನ್ನ ಸಾಫ್ಟ್‌ವೇರ್ ವರ್ಷನ್ ನಂಬರ್ ಥರ ಓದ್ತಾರೆ. 5 ಬಂದ್ಮೇಲೆ 4 ಯಾಕೆ ಅಂತ! ವರ್ಷನ್ ಆಗಿದ್ರೆ ಜಿಎಲ್-6 ಇವತ್ತು ಅಂಗಡಿಯಲ್ಲಿ ಇರಬೇಕಿತ್ತು. ಅದು ಬಂದು, ಬಳಕೆ ತಪ್ಪಿ ಹೋಯ್ತು. ಜಿಎಲ್-4 ಮಾತ್ರ ಇನ್ನೂ ಗಟ್ಟಿಯಾಗಿ ನಿಂತಿದೆ. ಯಾಕಂದ್ರೆ ಇದು ಅಪ್‌ಗ್ರೇಡ್ ಅಲ್ಲ, ಬೇರೆ ಕೆಲಸಕ್ಕೆ ಬೇರೆ ಎಣ್ಣೆ.

ಜೀಪಿನ ಹಿಂದಿನ ಆಕ್ಸಲ್ಲಿನಲ್ಲಿ ಕ್ರೌನ್-ಪಿನಿಯನ್ ಇರತ್ತಲ್ಲ, ಅದು ಹೈಪಾಯ್ಡ್ ಗೇರ್. ಅಲ್ಲಿ ಹಲ್ಲಿನ ಮೇಲೆ ಹಲ್ಲು ಉರುಳೋದರ ಜೊತೆಗೆ ಭಾರೀ ಒತ್ತಡದಲ್ಲಿ ಜಾರತ್ತೆ ಕೂಡ. ಎಣ್ಣೆಯ ಪದರ ಹರಿದು ಹೋದ್ರೂ ಲೋಹಕ್ಕೆ ಲೋಹ ಅಂಟದಿರಲಿ ಅಂತ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನ ಬೆರೆಸ್ತಾರೆ. ಬಿಸಿಗೆ ಅವು ಉಕ್ಕಿನ ಮೇಲೆ ತೆಳ್ಳಗಿನ ಪೊರೆ ಕಟ್ಟಿ, ತಾವು ಸವೆದು ಗೇರನ್ನ ಕಾಪಾಡ್ತವೆ. ಜಿಎಲ್-5ರಲ್ಲಿ ಇವು ಜಿಎಲ್-4ರ ಸುಮಾರು ಎರಡು ಪಟ್ಟು. ಕ್ರೌನ್-ಪಿನಿಯನ್‌ಗೆ ಅದೇ ಬೇಕು, ಅಲ್ಲಿ ಜಿಎಲ್-4 ಹಾಕಿ ಉಳಿಸೋಕೆ ಹೋದ್ರೆ ಅದೂ ತಪ್ಪೇ.

ಈಗ ಮಾರುತಿ 800ಕ್ಕೆ ಬನ್ನಿ. 1983ರ ಡಿಸೆಂಬರಿನಿಂದ 2014ರ ಜನವರಿವರೆಗೆ ತಯಾರಾದ ಕಾರು, ಇವತ್ತಿಗೂ ನಮ್ಮ ಊರುಗಳ ಮನೆ ಮುಂದೆ ನಿಂತಿರತ್ತೆ. ಅದರ ಇಂಜಿನ್ ಅಡ್ಡಡ್ಡ ಕೂತಿದೆ, ಗೇರ್‌ಬಾಕ್ಸು ಡಿಫರೆನ್ಷಿಯಲ್ಲು ಎರಡೂ ಒಂದೇ ಪೆಟ್ಟಿಗೆಯಲ್ಲಿ. ಅಲ್ಲಿ ಹೈಪಾಯ್ಡ್ ಗೇರೇ ಇಲ್ಲ! ಇಲ್ಲದ ಗೇರಿಗೆ ಔಷಧಿ ಯಾಕೆ?

ಅಲ್ಲಿ ಇರೋದು ಏನಪ್ಪಾ ಅಂದ್ರೆ ಹಿತ್ತಾಳೆಯ ಸಿಂಕ್ರೋ ರಿಂಗು. ನೀವು ಗೇರ್ ಬದಲಿಸಿದಾಗ ಈ ರಿಂಗು ಉಕ್ಕಿನ ಗೇರಿನ ಇಳಿಜಾರಿಗೆ ಒತ್ತಿಕೊಂಡು, ಉಜ್ಜಿ, ಎರಡರ ವೇಗವನ್ನೂ ಒಂದು ಮಾಡತ್ತೆ. ಆಮೇಲೇ ಹಲ್ಲು ಹಲ್ಲಿಗೆ ಕೂರೋದು. ಅಂದ್ರೆ ಇಲ್ಲಿ ಘರ್ಷಣೆ ಬೇಕು! ಎಣ್ಣೆ ವಿಪರೀತ ಜಾರು ಆದ್ರೆ ರಿಂಗು ಹಿಡಿಯಲ್ಲ, ಗೇರ್ ಹಾಕೋವಾಗ ‘ಕರ್ರ್’ ಅನ್ನತ್ತೆ. ಇನ್ನು ಗಂಧಕಕ್ಕೂ ತಾಮ್ರಕ್ಕೂ ಆಗಿಬರಲ್ಲ, ಹಿತ್ತಾಳೆಯಲ್ಲಿ ಇರೋದು ಮುಖ್ಯವಾಗಿ ತಾಮ್ರವೇ. ನಮ್ಮ ಅಜ್ಜಿಯರು ಕಲಾಯಿ ಹಾಕಿಸದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸ್ತಿರಲಿಲ್ಲ. ಯಾವ ಲೋಹಕ್ಕೆ ಯಾವುದು ಆಗಲ್ಲ ಅಂತ ಅವರಿಗೆ ಗೊತ್ತಿತ್ತು, ನಾವು ಇಂಜಿನಿಯರಿಂಗ್ ಓದಿ ಮರೆತಿದ್ದೀವಿ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಇದೆ. ಇವತ್ತಿನ ಅನೇಕ ಜಿಎಲ್-5 ಎಣ್ಣೆಗಳಲ್ಲಿ ತಾಮ್ರಕ್ಕೆ ಪೆಟ್ಟಾಗದ ಹಾಗೆ ಬೇರೆ ರಾಸಾಯನಿಕ ಸೇರಿಸಿರ್ತಾರೆ, ಹಾಗಾಗಿ ಹಿತ್ತಾಳೆ ಕರಗಿಹೋಗತ್ತೆ ಅನ್ನೋದು ಅತಿಯಾಯ್ತು ಅಂತಾರೆ. ಒಪ್ಪಿದೆ. ಒಂದೇ ರಾತ್ರಿಯಲ್ಲಿ ಏನೂ ಕರಗಲ್ಲ. ಆದ್ರೆ ಆ ಜಾರುವ ಗುಣ? ಸಿಂಕ್ರೋ ರಿಂಗು ಹಿಡಿಯದೇ ಇರೋ ಸಮಸ್ಯೆ? ಅದಕ್ಕೆ ಈ ವಾದದಲ್ಲಿ ಉತ್ತರ ಇಲ್ಲ. ಗೇರ್‌ಬಾಕ್ಸಿಗೂ ಆಕ್ಸಲ್ಲಿಗೂ ಎರಡಕ್ಕೂ ಆಗತ್ತೆ ಅಂತ ತಯಾರಕರೇ ಸ್ಪಷ್ಟವಾಗಿ ಬರೆದ ಎಣ್ಣೆಗಳೂ ಇವೆ, ಅದು ಬೇರೆ ಮಾತು. ಬರೆದಿದ್ಯಾ ಅಂತ ಓದಿ ನೋಡಿ ಅನ್ನೋದೇ ನನ್ನ ಮಾತು.

ನಮ್ಮ ಅಪ್ಪನ 800ಕ್ಕೆ ಆಗಿದ್ದೂ ಇದೇ. ಊರಿನ ಗ್ಯಾರೇಜಿನಲ್ಲಿ ಸರ್ವೀಸ್ ಮಾಡೋವಾಗ ಡ್ರಮ್ಮಿನಿಂದ 90 ಸುರಿದು ಕಳಿಸಿದ್ರು. ಅವತ್ತಿಂದ ಬೆಳಿಗ್ಗೆ ಹೊತ್ತು ಸೆಕೆಂಡ್ ಗೇರ್ ಬೀಳೋದು ಕಷ್ಟ ಆಯ್ತು. ಮತ್ತೆ ಹೋಗಿ ಕೇಳಿದ್ರೆ, "ವಯಸ್ಸಾಯ್ತಲ್ಲ ಸಾರ್, ಸಿಂಕ್ರೋ ಹೋಗಿದೆ, ಗೇರ್‌ಬಾಕ್ಸ್ ಇಳಿಸ್ಬೇಕು. ಇಲ್ಲಾಂದ್ರೆ ಗಾಡಿ ಕೊಟ್ಬಿಡಿ." ಅಪ್ಪ ಕೊಡೋಕೆ ರೆಡಿ ಆಗ್ಬಿಟ್ಟಿದ್ರು! ನಾನು ಊರಿಗೆ ಹೋದಾಗ ವಿಷಯ ತಿಳೀತು. "ಅಪ್ಪಾ, ಒಂದ್ಸಲ ಮ್ಯಾನುಯಲ್ ನೋಡೋಣ ಇರಿ" ಅಂದೆ. ನೋಡಿ, ಆ ಎಣ್ಣೆ ಇಳಿಸಿ, ಜಿಎಲ್-4 ಹಾಕಿದ್ವಿ. ಒಂದು ವಾರದಲ್ಲಿ ಸೆಕೆಂಡ್ ಗೇರ್ ಸಲೀಸಾಯ್ತು. ಎಲ್ಲಾ ಗಾಡಿಗೂ ಹೀಗೇ ಆಗತ್ತೆ ಅಂತ ನಾನು ಹೇಳಲ್ಲ, ನಿಜವಾಗಿ ಸವೆದ ಸಿಂಕ್ರೋ ಎಣ್ಣೆಯಿಂದ ಸರಿ ಹೋಗಲ್ಲ. ನನಗೆ ಸಿಟ್ಟು ಬರೋದು ಆ ‘ವಯಸ್ಸಾಯ್ತು’ ಅನ್ನೋ ಮಾತಿಗೆ. ನಾವೇ ತಪ್ಪು ಎಣ್ಣೆ ಹಾಕೋದು, ಆಮೇಲೆ ಗಾಡಿಯ ವಯಸ್ಸಿನ ಮೇಲೆ ಹಾಕೋದು. ಹೀಗೆ ಎಷ್ಟು ಗಾಡಿ ಗುಜರಿ ಸೇರಿವೆಯೋ!

ಯೆಜ್ದಿಯವರು ಇನ್ನೂ ಹುಷಾರಾಗಿರಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಗಾಡಿಗಳನ್ನ ಮಕ್ಕಳ ಥರ ಸಾಕಿಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದು ಟೂ ಸ್ಟ್ರೋಕ್, ಇಂಜಿನ್ ಒಳಗಿನ ಎಣ್ಣೆ ಪೆಟ್ರೋಲ್ ಜೊತೆ ಹೋಗತ್ತೆ. ಗೇರ್‌ಬಾಕ್ಸಿನ ಎಣ್ಣೆ ಬೇರೆ. ಆದ್ರೆ ಅದೇ ಎಣ್ಣೆಯಲ್ಲಿ ಕ್ಲಚ್ಚೂ ಮುಳುಗಿರತ್ತೆ! ಕಾರ್ಕ್ ಕೂರಿಸಿದ ಕ್ಲಚ್ ಪ್ಲೇಟುಗಳು. ಆಕ್ಸಲ್ಲಿನ 90 ತಂದು ಅಲ್ಲಿ ಸುರಿದ್ರೆ ತಣ್ಣಗಿದ್ದಾಗ ಪ್ಲೇಟು ಪ್ಲೇಟಿಗೆ ಅಂಟಿ, ಕ್ಲಚ್ ಹಿಡಿದಿದ್ರೂ ಗಾಡಿ ಮುಂದಕ್ಕೆ ಜಗ್ಗತ್ತೆ, ನ್ಯೂಟ್ರಲ್ ಸಿಗಲ್ಲ. ಕಾರಿನ ದುಬಾರಿ ಇಂಜಿನ್ ಆಯಿಲ್ ಹಾಕೋಕೆ ಹೋದ್ರೆ ಇನ್ನೊಂದು ಗೋಳು: ಪೆಟ್ರೋಲ್ ಉಳಿಸೋಕೆ ಅಂತ ಅದರಲ್ಲಿ ಜಾರು ಪದಾರ್ಥ ಬೆರೆಸಿದ್ರೆ ಕ್ಲಚ್ ಸ್ಲಿಪ್. ಇಂಥ ಕ್ಲಚ್ಚಿಗೆ ಒಗ್ಗುವ ಎಣ್ಣೆ ಗುರುತಿಸೋಕೇ ಜಪಾನಿನವರು ಜಾಸೋ ಎಂಎ ಅನ್ನೋ ಗುರುತು ಮಾಡಿದ್ದಾರೆ, ಬೈಕಿನ ಎಣ್ಣೆ ಡಬ್ಬದ ಮೇಲೆ ಇರತ್ತೆ, ನೋಡಿ. ಇನ್ನೊಂದು ಮಾತು: ಗೇರ್ ಎಣ್ಣೆ ಕಮ್ಮಿ ಆಗ್ತಾ ಇದ್ದು, ಹೊಗೆ ಜಾಸ್ತಿ ಬರ್ತಾ ಇದ್ರೆ, ಎಣ್ಣೆ ಬದಲಿಸಿ ಪ್ರಯೋಜನ ಇಲ್ಲ. ಕ್ರ್ಯಾಂಕಿನ ಸೀಲ್ ಹೋಗಿ ಇಂಜಿನ್ನೇ ಗೇರ್ ಎಣ್ಣೆ ಕುಡೀತಿರಬಹುದು. ಮೊದಲು ಅದನ್ನ ತೋರಿಸಿ.

ಅಮೆರಿಕದಲ್ಲಿ ಕೂತು ಇದನ್ನ ಓದ್ತಾ ನಗ್ತಿರೋ ಗೆಳೆಯರೇ, ನಿಮಗೂ ಇದೆ :-) ಎಂ.ಎಸ್. ಮಾಡೋಕೆ ಹೋಗಿ ಹಳೇ ಟೊಯೋಟಾ, ಹೋಂಡಾ ತಗೊಂಡಿರ್ತೀರಿ, ಆಟೋಮ್ಯಾಟಿಕ್ ಗೇರು. ಅದರ ಎಣ್ಣೆ ಬರೀ ಎಣ್ಣೆ ಅಲ್ಲ, ಒಳಗಿನ ಕ್ಲಚ್ಚುಗಳು ಎಷ್ಟು ಹಿಡೀಬೇಕು, ಎಷ್ಟು ಜಾರಬೇಕು ಅಂತ ನಿರ್ಧರಿಸೋದೂ ಅದೇ. ಜಿಎಂ ಕಂಪನಿಯ ಡೆಕ್ಸ್‌ರಾನ್-3 ಲೈಸೆನ್ಸುಗಳು 2006ರ ಕೊನೆಗೇ ಮುಗಿದವು. ಹಳೇ ಜಿಎಂ ಗಾಡಿಗೆ ಅದರ ಬದಲು ಡೆಕ್ಸ್‌ರಾನ್-6 ಹಾಕಬಹುದು ಅಂತ ಅವರೇ ಹೇಳ್ತಾರೆ. ಆದ್ರೆ ಟೊಯೋಟಾದ ಟಿ-4 ಕೇಳೋ ಗೇರ್‌ಬಾಕ್ಸಿಗೆ ಅದೇ ಟೊಯೋಟಾದ ಹೊಸ ಡಬ್ಲ್ಯುಎಸ್ ಹಾಕೋ ಹಾಗಿಲ್ಲ. ಒಂದು ಕಡೆ ಹೊಸದು ಹಳೇದರ ಜಾಗಕ್ಕೆ ಒಗ್ಗತ್ತೆ, ಇನ್ನೊಂದು ಕಡೆ ಒಗ್ಗಲ್ಲ. ಹಾಗಾಗಿ ಬೆಲೆ ನೋಡಿಯೋ ತಾರೀಖು ನೋಡಿಯೋ ನಿರ್ಧಾರ ಮಾಡೋಕಾಗಲ್ಲ. ಡಬ್ಬದ ಮೇಲೆ ‘ಇದಕ್ಕೂ ಸೂಕ್ತ’ ಅಂತ ಎಣ್ಣೆ ಮಾರುವವನು ಬರೆಯೋದೇ ಬೇರೆ, ಗಾಡಿ ಮಾಡಿದವನು ಪರೀಕ್ಷೆ ಮಾಡಿ ಒಪ್ಪಿಗೆ ಕೊಡೋದೇ ಬೇರೆ. ನಮ್ಮ ಆಫೀಸಿನಲ್ಲಿ ‘ನನ್ನ ಮೆಷಿನ್ನಲ್ಲಿ ಓಡತ್ತೆ’ ಅಂದವನ ಕೋಡನ್ನ ಟೆಸ್ಟ್ ಮಾಡದೆ ರಿಲೀಸ್ ಮಾಡ್ತೀವಾ?

ಮೆಕ್ಯಾನಿಕ್ ಅಣ್ಣಂದಿರನ್ನ ಬೈಯೋದು ನನ್ನ ಉದ್ದೇಶ ಅಲ್ಲ. ಒಂದು ಡ್ರಮ್ ಇಟ್ಟುಕೊಂಡು ಜೀಪು, ಟೆಂಪೋ, ಕಾರು ಎಲ್ಲಾ ನೋಡೋ ಗ್ಯಾರೇಜಿನಲ್ಲಿ ಆ ಡ್ರಮ್ ಜಿಎಲ್-5 ಆಗಿರೋದು ಸಹಜ, ಆಕ್ಸಲ್ಲುಗಳಿಗೆ ಅದೇ ಬೇಕು. "ಮೂವತ್ತು ವರ್ಷದಿಂದ ಇದೇ ಹಾಕ್ತಿದ್ದೀನಿ, ಏನೂ ಆಗಿಲ್ಲ" ಅಂತಾರೆ. ಆದ್ರೆ ಗೇರ್‌ಬಾಕ್ಸು ನಿಧಾನವಾಗಿ ಹಾಳಾಗೋ ವಸ್ತು. ಎಣ್ಣೆ ಹಾಕಿದ ದಿನಕ್ಕೂ ತೊಂದರೆ ಕಾಣೋ ದಿನಕ್ಕೂ ವರ್ಷಗಳ ಅಂತರ ಇದ್ರೆ ಯಾರು ಯಾವುದನ್ನ ಯಾವುದಕ್ಕೆ ಜೋಡಿಸ್ತಾರೆ? ಜೊತೆಗೆ ಡಬ್ಬದ ಮೇಲಿರೋದೆಲ್ಲಾ ಸಣ್ಣ ಅಕ್ಷರದ ಇಂಗ್ಲಿಷು. ಎಣ್ಣೆ ಹಾಕೋ ಕೈಗೆ ಅರ್ಥ ಆಗೋ ಭಾಷೆಯಲ್ಲಿ ಒಂದು ಸಾಲೂ ಇಲ್ಲ. ಓದು ಬಲ್ಲ ನಾವಾದ್ರೂ ಓದಿ ಹೇಳ್ತೀವಾ? ಇಲ್ಲ, ಸೋಫಾ ಮೇಲೆ ಕೂತು ಮೊಬೈಲ್ ನೋಡ್ತಾ, "ಒಳ್ಳೇದು ಯಾವ್ದಾದ್ರೂ ಹಾಕಿ" ಅಂತೀವಿ.

ಹಾಗಾದ್ರೆ ಮಾಡೋದೇನು? ಕಷ್ಟ ಏನಿಲ್ಲ.

1. ಮ್ಯಾನುಯಲ್ ಹುಡುಕಿ. ಕಳೆದಿದ್ರೆ ಅದೇ ಗಾಡಿ ಇಟ್ಟುಕೊಂಡವರ ಹತ್ರ ಆ ಒಂದು ಪುಟದ ಫೋಟೋ ತರಿಸಿಕೊಳ್ಳಿ.

2. ಮೂರು ಪ್ರಶ್ನೆ ಕೇಳಿ: ಒಳಗೆ ಹೈಪಾಯ್ಡ್ ಗೇರ್ ಇದ್ಯಾ? ಹಿತ್ತಾಳೆ ಸಿಂಕ್ರೋ ಇದ್ಯಾ? ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿದ್ಯಾ?

3. 75ಡಬ್ಲ್ಯು, 80ಡಬ್ಲ್ಯು ಅನ್ನೋದಕ್ಕೆ ತೀರಾ ತಲೆ ಕೆಡಿಸ್ಕೋಬೇಡಿ. ಆ ಪರೀಕ್ಷೆ ಮಾಡೋದು ಮೈನಸ್ 40, ಮೈನಸ್ 26 ಡಿಗ್ರಿಯಲ್ಲಿ, ನಮ್ಮ ಮಡಿಕೇರಿಯ ಚಳಿ ಅದರ ಮುಂದೆ ಏನೂ ಅಲ್ಲ. ಮ್ಯಾನುಯಲ್ ಹೇಳಿದ್ದನ್ನ ಹಾಕಿ.

4. ಡ್ರೈನ್ ನಟ್ ಬಿಚ್ಚೋ ಮೊದಲು ಎಣ್ಣೆ ತುಂಬೋ ನಟ್ ಬಿಚ್ಚಿ. ಅದು ತುಕ್ಕು ಹಿಡಿದು ಬರದೇ ಇದ್ರೆ, ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ರಸ್ತೆಯಲ್ಲಿ ಕೂರ್ತೀರಿ!

5. ಇಳಿಸಿದ ಎಣ್ಣೆ ನೋಡಿ. ನಟ್ಟಿನ ಅಯಸ್ಕಾಂತಕ್ಕೆ ಸ್ವಲ್ಪ ಬೂದು ಕೆಸರು ಅಂಟಿದ್ರೆ ಸಾಮಾನ್ಯ. ಎಣ್ಣೆಯಲ್ಲಿ ಚಿನ್ನದ ಬಣ್ಣದ ಹೊಳಪು ತೇಲ್ತಿದ್ರೆ ಅದು ಹಿತ್ತಾಳೆ ಸವೆದ ಪುಡಿ, ಸಿಂಕ್ರೋ ಕಡೆ ಗಮನ ಕೊಡಿ.

6. ಹಾಕೋ ಡಬ್ಬ ನಿಮ್ಮ ಕಣ್ಣ ಮುಂದೆ ಒಡೆಸಿ. ಹಿಂಭಾಗ ಓದಿ, ಮೆಕ್ಯಾನಿಕ್ಕಿಗೂ ಕನ್ನಡದಲ್ಲಿ ಓದಿ ಹೇಳಿ. ಕೇಳಿಸಿಕೊಳ್ಳೋರು ನಾವು ಅಂದುಕೊಂಡಷ್ಟು ಕಮ್ಮಿ ಇಲ್ಲ.

ಮನೇಲಿ ಹಿರಿಯರ ಕೈಯಲ್ಲಿ ಓಡ್ತಿರೋ ಹಳೇ ಗಾಡಿ ಇದ್ರೆ, ಈ ಸಲ ಊರಿಗೆ ಹೋದಾಗ ಗೇರ್‌ಬಾಕ್ಸಿನಲ್ಲಿ ಯಾವ ಎಣ್ಣೆ ಇದೆ ಅಂತ ಒಂದ್ಸಲ ವಿಚಾರಿಸಿ. "90 ಹಾಕಿದ್ದೀವಿ ಸಾರ್" ಅಂತ ಉತ್ತರ ಬಂದ್ರೆ, ಜಿಎಲ್ ಎಷ್ಟು ಅಂತ ಮತ್ತೆ ಕೇಳಿ. ಉತ್ತರ ಬರದೇ ಇದ್ರೆ ಸ್ಪ್ಯಾನರ್ ಹುಡುಕಿ, ಅದಾದ ಮೇಲೆ ಬೇಕಾದ್ರೆ ಗುಜರಿಯವನ ನಂಬರ್ ಹುಡುಕೋಣ. ಏನಂತೀರಿ?